ಲಿಫ್ಟ್ ಮಾವನ ಒಡೆಯದ ಸಂಖ್ಯೆ

ನನ್ನ ಸೋದರಮಾವ ಮೂವತ್ತೊಂದು ವರ್ಷ ಒಂದೇ ಲಿಫ್ಟ್ ನಡೆಸಿದ. ಎಂಟು ಮಹಡಿಯ ಕಚೇರಿ ಕಟ್ಟಡ. ಕೈಯಲ್ಲಿ ಎಳೆದು ಮುಚ್ಚುವ ಜಾಲರಿ ಬಾಗಿಲು, ಬಲಕ್ಕೆ ತಿರುಗಿಸಿದರೆ ಏರುವ, ಎಡಕ್ಕೆ ತಿರುಗಿಸಿದರೆ ಇಳಿಯುವ ಹಿತ್ತಾಳೆಯ ಹಿಡಿ, ಮೂಲೆಯಲ್ಲೊಂದು ಮಡಚುವ ಸ್ಟೂಲು. "ದಿನಕ್ಕೆ ನೂರು ಸಲ ಮೇಲಕ್ಕೆ ಹೋಗ್ತೀನಿ, ಸಂಜೆ ನೋಡಿದ್ರೆ ನೆಲದ ಮೇಲೇ ಇರ್ತೀನಿ" ಎಂದು ತನ್ನ ಉದ್ಯೋಗವನ್ನು ತಾನೇ ಹಾಸ್ಯ ಮಾಡುತ್ತಿದ್ದ. ಅದೇ ಮಾತನ್ನು ಬೇರೆಯವರು ಆಡಿದರೆ ಅವನ ಮುಖ ಬಿಗಿಯುತ್ತಿತ್ತು.

ಮದುವೆಯಾಗಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದ. ಎಂಟನೇ ತರಗತಿಗೆ ಓದು ಬಿಟ್ಟವನು. ಲೆಕ್ಕದಲ್ಲಿ ಫೇಲಾಗಿ ಬಿಟ್ಟ ಎಂದು ಅಮ್ಮ ಹೇಳುತ್ತಿದ್ದಳು, ಮೇಷ್ಟ್ರ ಜೊತೆ ಜಗಳವಾಗಿ ಬಿಟ್ಟೆ ಎಂದು ಅವನು ಹೇಳುತ್ತಿದ್ದ. ಎರಡೂ ನಿಜವಿರಬೇಕು.

ಆ ಲಿಫ್ಟಿನ ಬಾಗಿಲ ಮೇಲೆ ತಯಾರಿಸಿದ ಕಂಪನಿಯವರು ಒಂದು ಹಿತ್ತಾಳೆ ಪಟ್ಟಿ ಕೂರಿಸಿದ್ದರು. ಅದರ ಮೇಲೆ ಯಂತ್ರದ ಸಂಖ್ಯೆ: ೪೨೯೨೪೪೪೧೭೯. ಇಪ್ಪತ್ತು ವರ್ಷ ಮಾವ ಅದನ್ನು ನೋಡಿಯೂ ನೋಡದ ಹಾಗೆ ಇದ್ದ. ಅದನ್ನು ಅವನ ತಲೆಗೆ ಹತ್ತಿಸಿದವಳು ನಾನು. ಆಗ ನನಗೆ ಹನ್ನೊಂದು ವರ್ಷ. ಶಾಲೆ ಬಿಟ್ಟ ಮೇಲೆ ಅವನ ಊಟದ ಡಬ್ಬಿ ವಾಪಸ್ ತರಲು ಹೋಗುತ್ತಿದ್ದೆ. ಅವತ್ತು ಕ್ಲಾಸಿನಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠವಾಗಿತ್ತು. ಲಿಫ್ಟಿನಲ್ಲಿ ನಿಂತು ಅವನಿಗೆ ಪಾಠ ಒಪ್ಪಿಸಿದೆ. ಕೆಲವು ಸಂಖ್ಯೆಗಳನ್ನು ಯಾವುದರಿಂದಲೂ ಸಮನಾಗಿ ಹಂಚಲಾಗುವುದಿಲ್ಲ, ಏಳು, ಹದಿಮೂರು, ನೂರ ಒಂದು, ಅವು ಒಡೆಯುವುದೇ ಇಲ್ಲ ಎಂದೆ.

ಮಾವ ತಲೆಯೆತ್ತಿ ಪಟ್ಟಿ ನೋಡಿದ. "ಇದು ಒಡೆಯುತ್ತಾ?"

"ಗೊತ್ತಿಲ್ಲ. ಭಾಗಿಸಿ ನೋಡ್ಬೇಕು."

"ಎಷ್ಟರಿಂದ?"

ಮಾರನೇ ದಿನ ನನ್ನ ಟೀಚರನ್ನು ಕೇಳಿಕೊಂಡು ಬಂದೆ. ಅರವತ್ತೈದು ಸಾವಿರ ಚಿಲ್ಲರೆವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದರೆ ಸಾಕು, ಅಲ್ಲಿಯವರೆಗೂ ಒಡೆಯದಿದ್ದರೆ ಮುಂದೆಯೂ ಒಡೆಯುವುದಿಲ್ಲ. ಹಾಗಾದರೆ ಅಂಥವು ಎಷ್ಟಿವೆ? ಆರೂವರೆ ಸಾವಿರ. ಇಷ್ಟು ಕೇಳಿದರೆ ಯಾರಾದರೂ ಕೈ ಮುಗಿದು ಸುಮ್ಮನಾಗುತ್ತಾರೆ. ಮಾವ ನೋಟ್‌ಬುಕ್ ಕೊಂಡ.

ದಿನಕ್ಕೆ ಎರಡು ಭಾಗಾಕಾರ, ಕೆಲವು ದಿನ ಮೂರು. ಮಹಡಿಯಿಂದ ಮಹಡಿಗೆ ಹೋಗುವಾಗ ಒಂದೊಂದು ಅಂಕಿ ಇಳಿಸುತ್ತಿದ್ದ. ಏಳರಿಂದ ಭಾಗಿಸಿದಾಗ ಎರಡು ಉಳಿಯಿತು, ಹದಿಮೂರಕ್ಕೆ ಹತ್ತು. ಹನ್ನೊಂದಕ್ಕೆ ಒಂದೇ ಒಂದು ಉಳಿಯಿತು. "ಸ್ವಲ್ಪದರಲ್ಲಿ ತಪ್ಪಿಸ್ಕೊಂಡ" ಎಂದು ಅವನು ಅದನ್ನು ಮನೆಯಲ್ಲಿ ಹೇಳಿದ ರೀತಿಗೆ ನನಗೆ ನಿಜಕ್ಕೂ ಸಮಾಧಾನವಾಗಿತ್ತು, ಯಾರೋ ನಮ್ಮವರೇ ತಪ್ಪಿಸಿಕೊಂಡ ಹಾಗೆ. ಅಮ್ಮನಿಗೆ ಮಾತ್ರ ರೇಗುತ್ತಿತ್ತು. "ಹೊಳೇಲಿ ಹುಣಸೆಹಣ್ಣು ತೊಳೆಯೋ ಕೆಲ್ಸ" ಎನ್ನುವಳು. ಇನ್ನೂ ಸಿಟ್ಟು ಬಂದರೆ, "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ" ಎನ್ನುವಳು. ಮಾವ ಎರಡಕ್ಕೂ ತಲೆಯಾಡಿಸುತ್ತಿದ್ದ.

ಯಾವ ಸಂಖ್ಯೆಗಳಿಂದ ಭಾಗಿಸಬೇಕು ಎಂಬ ಪಟ್ಟಿ ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿತ್ತು. ಮನೆಗೆ ಕೊಡುತ್ತಿರಲಿಲ್ಲ. ಲೈಬ್ರರಿ ತೆರೆದಿರುವ ಹೊತ್ತಿನಲ್ಲಿ ಮಾವ ಲಿಫ್ಟಿನಲ್ಲಿರುತ್ತಿದ್ದ. ಹಾಗಾಗಿ ಪ್ರತಿ ಶನಿವಾರ ಒಂದು ಪುಟ ಬರೆದುಕೊಂಡು ಬರುವ ಕೆಲಸ ನನ್ನದಾಯಿತು. ಪುಟಕ್ಕೆ ಇನ್ನೂರು ಸಂಖ್ಯೆ, ಕೂಲಿ ಪುಟಕ್ಕೊಂದು ಬಣ್ಣದ ಪೆನ್ಸಿಲ್. ಮೊದಮೊದಲು ಮುತ್ತು ಪೋಣಿಸಿದ ಹಾಗೆ ಬರೆದೆ. ಹದಿನಾರನೇ ಶನಿವಾರದ ಹೊತ್ತಿಗೆ ನನಗೆ ಪೆನ್ಸಿಲ್ಲೂ ಸಾಕಾಗಿತ್ತು, ಸಂಖ್ಯೆಯೂ ಸಾಕಾಗಿತ್ತು. ಹೊರಗೆ ಗೆಳತಿಯರು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಮೂವತ್ತೊಂದು ಸಾವಿರದ ಹತ್ತಿರ ಶುರುವಾಗಿ ಮೂವತ್ತಮೂರು ಸಾವಿರದ ಹತ್ತಿರ ಮುಗಿಯುವ ಒಂದು ಪುಟವನ್ನು ನಾನು ಬರೆಯಲೇ ಇಲ್ಲ. ಮುಂದಿನ ಪುಟದ ಮೊದಲ ನಾಲ್ಕು ಸಾಲು ಬರೆದು ಆಟಕ್ಕೆ ಓಡಿದೆ.

ಮಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವನು. ಆ ಸಂಜೆಯೇ ಹಾಳೆಯ ಮೇಲೆ ಬೆರಳಿಟ್ಟ. "ಇದೇನು, ಇಲ್ಲಿಂದ ಇಲ್ಲಿಗೆ ಎರಡು ಸಾವಿರ ಹಾರಿಬಿಟ್ಟಿದೆ?"

ಹನ್ನೊಂದು ವರ್ಷದ ಹುಡುಗಿ ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲಳು ಎಂದು ಈಗ ನೆನೆದರೆ ನನಗೇ ಭಯವಾಗುತ್ತದೆ. "ಮಧ್ಯದಲ್ಲಿ ಒಂದೂ ಇಲ್ಲ ಮಾವ. ದೊಡ್ಡ ಸಂಖ್ಯೆ ಕಡೆ ಹೋದ ಹಾಗೆ ವಿರಳ ಆಗ್ತಾವಂತೆ. ಎಷ್ಟು ದೂರ ಬೇಕಾದ್ರೂ ಖಾಲಿ ಇರಬಹುದು ಅಂತ ಟೀಚರೇ ಹೇಳಿದ್ರು."

ಟೀಚರು ಹೇಳಿದ್ದು ನಿಜ. ಸಂಖ್ಯೆಗಳಲ್ಲಿ ಅಂಥ ಖಾಲಿ ಜಾಗಗಳು ಇವೆ, ಎಷ್ಟು ಉದ್ದ ಬೇಕಾದರೂ ಇವೆ, ಆದರೆ ಇಷ್ಟು ಹತ್ತಿರದಲ್ಲಿಲ್ಲ. ನಿಜದ ಒಂದು ತುಂಡನ್ನು ಸುಳ್ಳಿಗೆ ಹೊದಿಸಿದ್ದರಿಂದ ಮಾವ ನಂಬಿದ. ನಂಬಿದ್ದಷ್ಟೇ ಅಲ್ಲ, ಅದಕ್ಕೆ ಮರುಭೂಮಿ ಎಂದು ಹೆಸರಿಟ್ಟ. ಲಿಫ್ಟಿನಲ್ಲಿ ಬಂದು ಹೋಗುವವರಿಗೆಲ್ಲ ಅದರ ಕಥೆ ಹೇಳಿದ. ಐದಾರು ವರ್ಷ ಕಳೆದು ಅವನ ಭಾಗಾಕಾರ ಅಲ್ಲಿಗೆ ಮುಟ್ಟಿದಾಗ, "ಇವತ್ತು ಒಂದೇ ಹೆಜ್ಜೆಗೆ ಮರುಭೂಮಿ ದಾಟಿದೆ" ಎಂದು ಮನೆಗೆಲ್ಲ ಸಿಹಿ ತಂದ. ಆಗ ನನಗೆ ಹದಿನೇಳು. ಹೇಳಬಹುದಿತ್ತು. ಎದುರಿಗೆ ಕೂತು ಸಿಹಿ ತಿಂದೆ.

ಅವನು ಎಲ್ಲ ಮುಗಿಸಿದ್ದು ನನಗೆ ಇಪ್ಪತ್ತೆರಡು ತುಂಬಿದಾಗ. ನಾನು ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಹನ್ನೊಂದು ವರ್ಷ, ನಲವತ್ತು ನೋಟ್‌ಬುಕ್, ಎಲ್ಲೂ ಶೇಷ ಸೊನ್ನೆ ಬರಲಿಲ್ಲ. ಅದೇ ತಿಂಗಳು ಕಟ್ಟಡಕ್ಕೆ ಗುಂಡಿ ಒತ್ತುವ ಹೊಸ ಲಿಫ್ಟ್ ಹಾಕುವುದೆಂದೂ, ಹಳೆಯದರ ಜೊತೆ ಮಾವನೂ ನಿವೃತ್ತನಾಗುವುದೆಂದೂ ತೀರ್ಮಾನವಾಯಿತು. ಸೋಮವಾರ ನಾಲ್ಕು ಗಂಟೆಗೆ ಎಂಟನೇ ಮಹಡಿಯ ಹಾಲ್‌ನಲ್ಲಿ ಬೀಳ್ಕೊಡುಗೆ. ಕಟ್ಟಡದ ಮ್ಯಾನೇಜರು ಹಿತ್ತಾಳೆ ಪಟ್ಟಿಯನ್ನು ಬಿಚ್ಚಿಸಿ ಹಲಗೆಗೆ ಕೂರಿಸಿ, ಕೆಳಗೆ "ಒಡೆಯದ ಸಂಖ್ಯೆ" ಎಂದು ಬರೆಸಿ ಕೊಡುತ್ತೇನೆ ಎಂದರು. ಮೂವತ್ತೊಂದು ವರ್ಷದಲ್ಲಿ ಮಾವನಿಗೆ ಯಾರೂ ಏನೂ ಬರೆಸಿ ಕೊಟ್ಟಿರಲಿಲ್ಲ.

ಶುಕ್ರವಾರ ಸಂಜೆ ಅವನು ಮನೆಗೆ ಬಂದಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐದನೇ ಮಹಡಿಗೆ ಯಾವುದೋ ಕೆಲಸಕ್ಕೆ ಬಂದಿದ್ದ ಕಾಲೇಜಿನ ಗಣಿತದ ಪ್ರೊಫೆಸರು ಸಂಖ್ಯೆಯ ವಿಷಯ ಕೇಳಿ ಬೆರಗಾಗಿದ್ದರಂತೆ. "ಅವರ ಕಾಲೇಜಿಗೆ ಒಂದು ಕಂಪ್ಯೂಟರ್ ಬಂದಿದೆಯಂತೆ. ನಾಳೆ ನನ್ನ ಸಂಖ್ಯೆ ಅದಕ್ಕೆ ಹಾಕ್ತಾರೆ. ಸೋಮವಾರ ಸಮಾರಂಭಕ್ಕೆ ಬಂದು ಎಲ್ಲರ ಮುಂದೆ ಅವರೇ ಫಲಿತಾಂಶ ಓದ್ತಾರೆ. ನಾನೂ ಎರಡು ಮಾತು ಆಡ್ಬೇಕಂತೆ. ಮರುಭೂಮಿ ವಿಷಯ ಹೇಳೋಣ ಅಂತಿದೀನಿ. ಅವರಿಗೂ ಗೊತ್ತಿರಲಿಕ್ಕಿಲ್ಲ."

ಅಮ್ಮ ನನ್ನ ಮುಖ ನೋಡಿ ಹುಷಾರಿಲ್ಲವಾ ಎಂದು ಕೇಳಿದಳು.

ಆ ಕ್ಷಣ ಹೇಳಬೇಕಿತ್ತು, ಹೇಳಲಿಲ್ಲ. ಹೇಡಿತನಕ್ಕೂ ಒಂದು ಲೆಕ್ಕವಿರುತ್ತದೆ, ನಾನಂತೂ ಲೆಕ್ಕದ ಟೀಚರು. ಬಿಟ್ಟುಹೋದ ಇನ್ನೂರರಲ್ಲಿ ಒಂದು ಸಂಖ್ಯೆ ಮಾವನ ಸಂಖ್ಯೆಯನ್ನು ಒಡೆಯುವ ಸಂಭವ ನೂರರಲ್ಲಿ ಒಂದು ಪಾಲೂ ಇಲ್ಲ. ಆ ಇನ್ನೂರರಿಂದ ನಾನೇ ಭಾಗಿಸಿ ನೋಡಿಬಿಟ್ಟರೆ, ಎಲ್ಲೂ ಸೊನ್ನೆ ಬರದಿದ್ದರೆ, ಸಂಖ್ಯೆ ಉಳಿಯಿತು, ಮಾವ ಉಳಿದ, ನಾನೂ ಉಳಿದೆ. ಮರುಭೂಮಿಯ ಮಾತೊಂದನ್ನು ಆಡದ ಹಾಗೆ ಏನಾದರೂ ನೆಪ ಹೇಳಿ ತಡೆದರಾಯಿತು.

ಶನಿವಾರ ಶಾಲೆ ಮುಗಿಸಿ ಲೈಬ್ರರಿಗೆ ಹೋದೆ. ಅದೇ ಪುಸ್ತಕ, ಅದೇ ಪುಟ. ಹನ್ನೊಂದು ವರ್ಷ ಬಾಕಿ ಉಳಿಸಿಕೊಂಡಿದ್ದನ್ನು ಮುಕ್ಕಾಲು ಗಂಟೆಯಲ್ಲಿ ಬರೆದು ಮುಗಿಸಿದೆ. ಇಷ್ಟೇ ಹೊತ್ತಿನ ಕೆಲಸ ಅದು. ಮನೆಯಲ್ಲಿ ಪರೀಕ್ಷೆ ಪೇಪರ್ ತಿದ್ದುವುದಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಒಂದೊಂದು ಭಾಗಾಕಾರಕ್ಕೆ ಐದು ನಿಮಿಷ. ಪ್ರತಿ ಸಲ ಕೊನೆಯ ಅಂಕಿ ಇಳಿಸುವಾಗ ಉಸಿರು ಹಿಡಿದುಕೊಳ್ಳುತ್ತಿದ್ದೆ. ಶೇಷ ಹನ್ನೆರಡು ಸಾವಿರ ಬಂದರೆ ಅಬ್ಬಾ ಎನ್ನುವುದು, ಶೇಷ ನಲವತ್ತು ಬಂದರೆ ಬೆವರುವುದು. ಶೇಷ ದೊಡ್ಡದಾದರೆ ಕ್ಷೇಮ, ಚಿಕ್ಕದಾದರೆ ಅಪಾಯ ಎಂದೇನೂ ಇಲ್ಲ, ಅದು ನನಗೂ ಗೊತ್ತು. ಮನಸ್ಸಿಗೆ ಗೊತ್ತಾಗಬೇಕಲ್ಲ.

ಗೋಡೆಯಾಚೆ ಮಾವ ತನ್ನ ಎರಡು ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದ. "ಮಾನ್ಯರೇ" ಎಂದು ಶುರು ಮಾಡುವುದು, ಕೆಮ್ಮುವುದು, ಮತ್ತೆ "ಮಾನ್ಯರೇ". ಭಾನುವಾರ ಸಂಜೆ ಅಮ್ಮ ಅವನ ಅಂಗಿಗೆ ಇಸ್ತ್ರಿ ಹಾಕಿದಳು. ಹುಣಸೆಹಣ್ಣಿನ ಮಾತು ಅವಳ ಬಾಯಲ್ಲಿ ಬರಲಿಲ್ಲ. ತಮ್ಮನ ಕಾಲರನ್ನು ಎರಡು ಸಲ ಒತ್ತಿದಳು.

ಸೋಮವಾರ ಶಾಲೆಗೆ ರಜೆ ಹಾಕಿದೆ. ಇನ್ನೂರರಲ್ಲಿ ಮೂವತ್ತೈದು ಉಳಿದಿದ್ದವು. ಮಾವ ಬೆಳಿಗ್ಗೆಯೇ ಹೊರಟುಹೋಗಿದ್ದ. ಹತ್ತು ಗಂಟೆ, ಹನ್ನೊಂದು ಗಂಟೆ. ಗೆದ್ದೆ ಎನ್ನಿಸತೊಡಗಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ೩೨೭೪೯ರ ಸರದಿ ಬಂತು. ಒಂದು ಸಲ ಹೋಯಿತು, ಮೂರು ಸಲ, ಒಂದು ಸಲ, ಆಮೇಲೆ ಸೊನ್ನೆ, ಆಮೇಲೆ ಏಳು ಸಲ. ೩೨೭೪ ಉಳಿಯಿತು. ಕೊನೆಯ ಅಂಕಿ ಒಂಬತ್ತು. ಅದನ್ನು ಕೆಳಗಿಳಿಸಿದೆ. ಹಾಳೆಯ ಮೇಲೆ ೩೨೭೪೯ ಎಂದು ನಿಂತಿತ್ತು, ಯಾವುದರಿಂದ ಭಾಗಿಸುತ್ತಿದ್ದೆನೋ ಅದೇ, ಅಂಕಿಗೆ ಅಂಕಿ.

ಇನ್ನೊಂದು ಸಲ ಮಾಡಿದೆ. ಆಮೇಲೆ ತಿರುಗಿಸಿ ಗುಣಿಸಿದೆ. ೩೨೭೪೯ ಗುಣಿಸು ೧೩೧೦೭೧. ಬಂದದ್ದು ಮಾವನ ಸಂಖ್ಯೆಯೇ.

ಮಾವನ ಕಟ್ಟಡ ಮುಟ್ಟುವಾಗ ಎರಡೂವರೆ. ಬೇಗ ಹೊರಡಬಹುದಿತ್ತು. ಗಂಟೆಗಟ್ಟಲೆ ಚಪ್ಪಲಿ ಹಾಕುವುದು, ಬಿಚ್ಚುವುದು ಮಾಡುತ್ತ ಕೂತಿದ್ದೆ. ನಾನು ಹೇಳದಿದ್ದರೆ ಪ್ರೊಫೆಸರು ಎಂಟು ಮಹಡಿಯ ಜನರ ಮುಂದೆ ಹೇಳುತ್ತಾರೆ. ಹಲಗೆ ಕೈಯಲ್ಲಿ ಹಿಡಿದು ನಿಂತ ಮಾವನ ಮುಖದ ಮೇಲೇ ಹೇಳುತ್ತಾರೆ. ಅದು ಕಣ್ಣಿಗೆ ಕಟ್ಟಿದ ಮೇಲೆ ಕಾಲು ಎದ್ದಿತು.

ಲಿಫ್ಟಿನಲ್ಲಿ ಮಾವ ಇಸ್ತ್ರಿಯ ಅಂಗಿ ಹಾಕಿ ಸೆಟೆದು ನಿಂತಿದ್ದ. ಪಟ್ಟಿ ಬಿಚ್ಚಿದ್ದರಿಂದ ಬಾಗಿಲ ಮೇಲೆ ನಾಲ್ಕು ತಿರುಪಿನ ತೂತು ಮಾತ್ರ ಇದ್ದವು. "ಬಂದ್ಯಾ? ಒಳ್ಳೇದಾಯ್ತು" ಎಂದ. ಅಷ್ಟರಲ್ಲಿ ಆರು ಜನ ಹತ್ತಿದರು. "ಏನು ಲಿಫ್ಟ್ ಮಾವ, ಇವತ್ತು ಮದುಮಗ" ಎಂದರು ಒಬ್ಬರು. ಎರಡನೇ ಮಹಡಿಯಲ್ಲಿ ಇಬ್ಬರು ಇಳಿದರು, ಮೂವರು ಹತ್ತಿದರು. ಐದರಲ್ಲಿ ಎಲ್ಲರೂ ಇಳಿದರು ಎನ್ನುವಷ್ಟರಲ್ಲಿ ಕುರ್ಚಿ ಹೊತ್ತವನೊಬ್ಬ ನುಗ್ಗಿದ. ಮೇಲೆ ಹೋದೆವು, ಕೆಳಗೆ ಬಂದೆವು, ಮತ್ತೆ ಮೇಲೆ. ಬಾಯಿ ತೆರೆದಾಗಲೆಲ್ಲ ಯಾವುದೋ ಮಹಡಿಯಿಂದ ಲಿಫ್ಟ್ ಕರೆಯುವ ಗಂಟೆ ಬಾರಿಸುತ್ತಿತ್ತು. ಮೂರೂ ಇಪ್ಪತ್ತಕ್ಕೆ ಪ್ರೊಫೆಸರೇ ಹತ್ತಿದರು, ಕೈಯಲ್ಲಿ ಮಡಿಸಿದ ಒಂದು ಕಾಗದ. ಮಾವ ಅವರ ಕಡೆ ನೋಡಲೇ ಇಲ್ಲ, ಫಲಿತಾಂಶ ಮೊದಲೇ ಗೊತ್ತಾಗಿಬಿಟ್ಟರೆ ಎಂಬ ಅಳುಕು. ನಾನು ಮಾತ್ರ ಎಂಟನೇ ಮಹಡಿಯವರೆಗೂ ಆ ಕಾಗದವನ್ನೇ ನೋಡುತ್ತಿದ್ದೆ.

ಅವರು ಇಳಿದರು. ಜಾಲರಿ ಮುಚ್ಚಿತು. ಇಬ್ಬರೇ ಉಳಿದೆವು.

"ಮಾವ, ಮರುಭೂಮಿ ಇಲ್ಲ."

"ಏನು?"

"ಅಲ್ಲಿ ಇನ್ನೂರು ಸಂಖ್ಯೆ ಇದ್ವು. ನಾನು ಬರೀಲಿಲ್ಲ. ಆಟಕ್ಕೆ ಹೋದೆ. ನಿಂಗೆ ಸುಳ್ಳು ಹೇಳಿದೆ. ಅದರಲ್ಲಿ ಒಂದರಿಂದ ಒಡೆಯುತ್ತೆ."

ಮಾವ ಹಿಡಿಯನ್ನು ನಡುವಿಗೆ ತಂದ. ಏಳು ಮತ್ತು ಆರರ ಮಧ್ಯೆ ಲಿಫ್ಟ್ ನಿಂತಿತು. ಜಾಲರಿಯಾಚೆ ಬರೀ ಇಟ್ಟಿಗೆ ಗೋಡೆ. ಮೂವತ್ತೊಂದು ವರ್ಷದಲ್ಲಿ ಅವನು ಬೇಕೆಂದು ನಡುವೆ ನಿಲ್ಲಿಸಿದ್ದು ಅದೇ ಮೊದಲು.

"ಎಷ್ಟು?"

"ಮೂವತ್ತೆರಡು ಸಾವಿರದ ಏಳ್ನೂರ ನಲವತ್ತೊಂಬತ್ತು."

ಜೇಬಿನಿಂದ ಭಾಷಣದ ಚೀಟಿ ತೆಗೆದು, ಹಿಂದೆ ತಿರುಗಿಸಿ, ಸ್ಟೂಲಿನ ಮೇಲೆ ಕೂತು ಭಾಗಿಸತೊಡಗಿದ. ಸಂಖ್ಯೆ ಬರೆಯಲು ಹಿತ್ತಾಳೆ ಪಟ್ಟಿ ನೋಡುವ ಅಗತ್ಯ ಅವನಿಗಿರಲಿಲ್ಲ. ಕೆಳಗಿನಿಂದ ಗಂಟೆ ಬಾರಿಸಿತು. ಮೇಲಿನಿಂದಲೂ ಬಾರಿಸಿತು. "ಲಿಫ್ಟ್ ಕೆಟ್ಟೋಯ್ತಾ?" ಎಂದು ಯಾರೋ ಕೂಗಿದರು. "ಕೊನೇ ದಿನಾನೇ ಕೆಡ್ಬೇಕಾ ಇದು" ಎಂದು ಇನ್ನೊಬ್ಬರು. ಮಾವ ಅವಸರ ಮಾಡಲಿಲ್ಲ. ಒಂದು, ಮೂರು, ಒಂದು, ಸೊನ್ನೆ, ಏಳು. ಒಂಬತ್ತನ್ನು ಇಳಿಸಿ ಪೆನ್ಸಿಲ್ ಎತ್ತಿದವನು ಹಾಗೇ ನೋಡುತ್ತ ಕೂತ. ಮುಂದಿನ ಗೆರೆ ಎಳೆಯಲೇ ಇಲ್ಲ.

"ನಾನು ಮರುಭೂಮಿ ದಾಟಿದ ದಿನ ನೀನು ಎದುರಿಗೇ ಕೂತಿದ್ದೆ" ಎಂದ. ದನಿ ಏರಲಿಲ್ಲ. "ಸಿಹಿ ತಿಂದೆ."

"ಹೂಂ ಮಾವ."

"ಇನ್ನೊಂದು ತುಂಡು ಕೇಳಿದ್ದೆ ನೀನು."

ಅದು ನನಗೆ ನೆನಪಿರಲಿಲ್ಲ. ಅವನು ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಎದ್ದು, ಹಿಡಿಯನ್ನು ಬಲಕ್ಕೆ ತಿರುಗಿಸಿದ.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಬಂದು ಕೂತಿದ್ದಳು, ಮೆಟ್ಟಿಲು ಹತ್ತಿದ್ದರಿಂದ ಇನ್ನೂ ಏದುಸಿರು. ಮೇಜಿನ ಮೇಲೆ ಹಲಗೆ, ಪಟ್ಟಿ ಫಳಫಳ ಹೊಳೆಯುತ್ತಿತ್ತು. ಮ್ಯಾನೇಜರು ಮಾತಾಡಿದರು. ಈಗ ಪ್ರೊಫೆಸರು ಫಲಿತಾಂಶ ಹೇಳುತ್ತಾರೆ ಎಂದರು. ಪ್ರೊಫೆಸರು ಕಾಗದ ಬಿಡಿಸುತ್ತ ಏಳುವಷ್ಟರಲ್ಲಿ ಮಾವ ನಡುವೆ ಬಂದು ನಿಂತ. "ಮಾನ್ಯರೇ" ಎಂದ. ಕೆಮ್ಮಿದ. "ಅವರಿಗೆ ತೊಂದ್ರೆ ಬೇಡ, ನಾನೇ ಹೇಳ್ತೀನಿ. ಈ ಸಂಖ್ಯೆ ಒಡೆಯುತ್ತೆ. ಮೂವತ್ತೆರಡು ಸಾವಿರದ ಏಳ್ನೂರ ನಲವತ್ತೊಂಬತ್ತು ಒಂದು ತುಂಡು, ಒಂದು ಲಕ್ಷದ ಮೂವತ್ತೊಂದು ಸಾವಿರದ ಎಪ್ಪತ್ತೊಂದು ಇನ್ನೊಂದು ತುಂಡು. ಮಧ್ಯೆ ಒಂದು ಪುಟ ಬಿಟ್ಟುಹೋಗಿತ್ತು. ಯಂತ್ರ ಹೇಳೋ ಮೊದಲು ನಾನು ಹೇಳ್ಬೇಕು ಅನ್ನಿಸ್ತು."

ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರೊಫೆಸರು ಕಾಗದವನ್ನು ಹಾಗೇ ಹಿಡಿದುಕೊಂಡು ಗಲಿಬಿಲಿಯಾಗಿ ನಿಂತಿದ್ದರು.

"ಅಲ್ಲ, ನಾನು..." ಎಂದರು. "ನಮ್ಮ ಕಂಪ್ಯೂಟರ್ ಶನಿವಾರದಿಂದ ಕೆಟ್ಟು ಕೂತಿದೆ. ನಿಮ್ಮ ಸಂಖ್ಯೆ ಹಾಕೋಕೆ ಆಗ್ಲೇ ಇಲ್ಲ. ಹನ್ನೊಂದು ವರ್ಷ ಕೈಯಲ್ಲಿ ಮಾಡಿದವರ ಮಾತೇ ಸಾಕು ಅಂತ ಅಭಿನಂದನೆ ಬರ್ಕೊಂಡು ಬಂದೆ." ಅವರು ನಿಜವಾಗಿ ಒಳ್ಳೆಯ ಮನುಷ್ಯ. ಪರಿಸ್ಥಿತಿ ಸುಧಾರಿಸಲು ಬಡಬಡ ಮಾತಾಡಿದರು. ಎರಡನೇ ತುಂಡು ಬಹಳ ಪ್ರಸಿದ್ಧವಾದ ಸಂಖ್ಯೆ, ಹದಿನೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುವುದೇ ಅದು, ಅದನ್ನು ಯಾರಿಂದಲೂ ಒಡೆಯಲಾಗುವುದಿಲ್ಲ, ಅಂಥದ್ದು ಒಂದು ಲಿಫ್ಟಿನ ಸಂಖ್ಯೆಯ ಒಳಗೆ ಅಡಗಿತ್ತು ಎಂದರೆ ಸೋಜಿಗ ಎಂದರು. ಕೆಲವರು ಹೌದಾ ಎಂದರು. ಮಾವ ವಿನಯದಿಂದ ತಲೆಯಾಡಿಸಿದ. ಅವನ ಕಣ್ಣು ಹಲಗೆಯ ಮೇಲಿತ್ತು. ಮ್ಯಾನೇಜರು ಅದನ್ನು ಕೊಡಬೇಕೋ ಬೇಡವೋ ತಿಳಿಯದೆ, ಕೊನೆಗೆ ಬಣ್ಣದವನ ಹತ್ತಿರ ಅಕ್ಷರ ಅಳಿಸಿ ಕಳಿಸುತ್ತೇನೆ ಎಂದು ಕುರ್ಚಿಯ ಹಿಂದಕ್ಕೆ ಸರಿಸಿದರು.

ಎಲ್ಲ ಮುಗಿದ ಮೇಲೆ ಜನರನ್ನು ತಂಡತಂಡವಾಗಿ ಕೆಳಗಿಳಿಸಿ, ಕೊನೆಯಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಮಾವ ಮೇಲೆ ಬಂದ. ಜಾಲರಿ ಎಳೆದ. ಏಳನೇ ಮಹಡಿ ದಾಟಿತು, ಆರನೆಯದು ದಾಟಿತು. ನಾನು ನೆಲ ನೋಡುತ್ತಿದ್ದೆ. ಒಂದೇ ಒಂದು ಮಧ್ಯಾಹ್ನ ಬಾಯಿ ಮುಚ್ಚಿಕೊಂಡಿದ್ದರೆ ಅವನು ಹಲಗೆಯನ್ನು ಎದೆಗವಚಿಕೊಂಡು ಮನೆಗೆ ಬರುತ್ತಿದ್ದ, ಅಮ್ಮ ಅದನ್ನು ಮುಂದಿನ ಕೋಣೆಯ ಗೋಡೆಗೆ ಹೊಡೆಸುತ್ತಿದ್ದಳು, ಜಗತ್ತಿನಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಆಡಬಾರದಾಗ ಆಡಿ, ಆಡಬೇಕಾದಾಗ ಸುಮ್ಮನಿದ್ದು, ಸುಮ್ಮನಿದ್ದರೆ ಸಾಕಿದ್ದ ದಿನವೇ ಬಾಯಿಬಿಟ್ಟಿದ್ದೆ.

"ಮೆಷಿನ್ ಕೆಟ್ಟಿದೆ ಅಂತ ಗೊತ್ತಿದ್ದಿದ್ರೆ ಇವತ್ತು ಹೇಳ್ತಿದ್ಯಾ?" ಎಂದು ಮಾವ ಕೇಳಿದ.

ಹೇಳ್ತಿದ್ದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನು ನಂಬುತ್ತಿದ್ದ. ನನ್ನನ್ನು ಅವನು ಯಾವತ್ತೂ ನಂಬಿದ್ದ.

"ಇಲ್ಲ ಮಾವ."

ಐದನೇ ಮಹಡಿ, ನಾಲ್ಕನೇ ಮಹಡಿ. ಅವನ ಕೈ ಹಿಡಿಯ ಮೇಲೆ ಬಿಗಿಯಾಗಿತ್ತು. ಇನ್ನು ಈ ಮನುಷ್ಯ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ.

"ನಾನೂ ಅಷ್ಟೇ" ಎಂದ, ಗೋಡೆಯ ಕಡೆ ನೋಡುತ್ತ. "ಒಡೆಯುತ್ತೆ ಅಂತ ನೀನು ಹೇಳಿದ್ಮೇಲೆ, ನನ್ನ ಕೈಯಾರೆ ಭಾಗಿಸಿ ನೋಡಿದ್ಮೇಲೂ, ಮೆಷಿನ್ ಕೆಟ್ಟಿದೆ ಅಂತ ಗೊತ್ತಿದ್ದಿದ್ರೆ, ಸುಮ್ನೆ ಹೋಗಿ ಹಲಗೆ ಇಸ್ಕೊಂಡು ಬರ್ತಿದ್ದೆ."